ಎರಡನೇ ಭಾಗ, ಎರಡು ಗಂಟೆಯ ಭೋಂಗಾ

ಮಧ್ಯಾಹ್ನ ಎರಡಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಭೋಂಗಾ ಕೂಗಿತು. ನಮ್ಮ ಶಹಾಬಾದಿನಲ್ಲಿ ಖಣಿಯ ಸೈರನ್ನಿಗೆ ಭೋಂಗಾ ಅನ್ನುತ್ತಾರೆ. ಅದು ದಿನವೂ ಸರಿಯಾಗಿ ಎರಡಕ್ಕೆ ಕೂಗುತ್ತದೆ. ಸ್ವಲ್ಪ ಹೊತ್ತಿಗೆ ಸುಣ್ಣದ ಕಲ್ಲಿನ ಖಣಿಯಲ್ಲಿ ಸಿಡಿಮದ್ದು ಹಾರಿಸುತ್ತಾರೆ, ಊರು ಒಂದು ಸಲ ಅದುರುತ್ತದೆ, ಆಮೇಲೆ ಎಲ್ಲರೂ ಬಿಟ್ಟ ಕೆಲಸ ಹಿಡಿಯುತ್ತಾರೆ. ಅವತ್ತು ಟಾಕೀಜಿನ ಕತ್ತಲಲ್ಲಿ ಕೂತಿದ್ದವರೆಲ್ಲ ಒಟ್ಟಿಗೆ ಮೊಬೈಲ್ ತೆಗೆದು ಗಂಟೆ ನೋಡಿದೆವು. ಎರಡಾಗಿರಲಿಲ್ಲ. ಕೂಗಿದ್ದು ಖಣಿಯಲ್ಲ, ಸಿನಿಮಾ ಎಂದು ಗೊತ್ತಾದಾಗ ಇಡೀ ಟಾಕೀಜು ನಕ್ಕಿತು.

ನೆನಪು ಬಂದಾಗಲೆಲ್ಲ ಅದು ಈ ನಗುವಿನಿಂದಲೇ ಶುರುವಾಗುತ್ತದೆ. ಹೋದ ವಾರವೂ ಹಾಗೇ ಆಯಿತು. ನಾನು ಪಾಠ ಮಾಡುವ ಚಿತ್ತಾಪುರದ ಶಾಲೆಯ ಅಂಗಳಕ್ಕೆ ಪರಸಿ ಕಲ್ಲು, ಅಂದರೆ ನಮ್ಮೂರಿನ ಸುಣ್ಣಗಲ್ಲಿನ ಚಪ್ಪಡಿ, ಹಾಸುತ್ತಿದ್ದರು. ಕಲ್ಲು ಕೊಯ್ಯುವ ಮಶೀನಿಗೆ ನೀರು ಬಿಡುತ್ತಿದ್ದಂತೆ ಹಸಿ ಸುಣ್ಣದ ವಾಸನೆ ತರಗತಿಯ ಒಳಗೆ ಬಂತು. ನಾನು ಮಾತು ನಿಲ್ಲಿಸಿ ತಲೆ ಎತ್ತಿ ಚಾವಣಿ ನೋಡಿದೆ. ಮಕ್ಕಳೂ ನೋಡಿದರು. ಅಲ್ಲಿ ಏನೂ ಇರಲಿಲ್ಲ.

ಆ ಸಿನಿಮಾದ ಮೊದಲ ಭಾಗವನ್ನು ನಾನು ನೋಡಿದ್ದು ನಸ್ರೀನಳ ಮನೆಯ ಮಾಳಿಗೆಯ ಮೇಲೆ. ನಸ್ರೀನ್ ನಮ್ಮ ಓಣಿಯವಳು, ನನ್ನ ಓರಗೆಯವಳು. ಪಿಯುಸಿ ಮುಗಿಸಿ ಹೊಲಿಗೆಗೆ ಕೂತಳು, ನಾನು ಕಲಬುರಗಿಗೆ ಡಿಗ್ರಿ ಓದಲು ಹೋದೆ. ರಜೆಗೆ ಬಂದಾಗ ಒಂದೇ ಮೊಬೈಲಿನಲ್ಲಿ, ಇಯರ್‌ಫೋನಿನ ಒಂದೊಂದು ತುದಿ ಒಬ್ಬೊಬ್ಬರ ಕಿವಿಗೆ ಸಿಕ್ಕಿಸಿಕೊಂಡು ಸಿನಿಮಾ ನೋಡುತ್ತಿದ್ದೆವು. ಸೂರ್ಯ ಸುಡುವ ಒಂದು ಲೋಕ, ನೆಲದ ಕೆಳಗೆ ಇಳಿದು ಬದುಕುವ ಜನ, ಇಷ್ಟೇ ಕಥೆ. ಕಥೆಗಿಂತ ಅದರ ಸಂಗೀತ ನಸ್ರೀನಳಿಗೆ ಹಿಡಿಸಿತ್ತು. ನೆಲದ ಕೆಳಗಿನ ಜನರಿಗೆ ಅಪಾಯ ಬರುವ ಮೊದಲು ಉದ್ದಕ್ಕೆ ಒಂದೇ ಸ್ವರ ಏಳುತ್ತಿತ್ತು. ಅವಳು ಹೊಲಿಗೆ ಮಶೀನು ತುಳಿಯುತ್ತ ಅದನ್ನೇ ಮೂಗಿನಲ್ಲಿ ಗುನುಗುತ್ತಿದ್ದಳು. ಬ್ಲೌಸ್ ಅಳತೆ ಕೊಡಲು ಬಂದವರು, “ಏನವ್ವಾ, ನೆಗಡಿ ಆಗ್ಯದೇನು?” ಎಂದು ಕೇಳುತ್ತಿದ್ದರು.

ವರ್ಷಗಳಾದ ಮೇಲೆ ಎರಡನೇ ಭಾಗ ಬಂತು, ಹಿಂದಿ ಮಾತು ಹಚ್ಚಿಕೊಂಡು. ಅದೇ ಸುಮಾರಿಗೆ ಬಸಣ್ಣ ಸಾಹುಕಾರರು ಬಹಳ ಕಾಲ ಮುಚ್ಚಿಟ್ಟಿದ್ದ ತಮ್ಮ ಟಾಕೀಜನ್ನು ಮತ್ತೆ ತೆರೆದರು. ಪರಸಿ ಕಲ್ಲನ್ನು ಮಣ್ಣಿನಲ್ಲಿ ಕೂಡಿಸಿ ಕಟ್ಟಿದ ಹಳೆಯ ಗೋಡೆಗಳು, ಮೇಲೆ ತಗಡು. ಗೋಡೆಗೆ ಸುಣ್ಣ ಹೊಡೆದಿದ್ದರು. ಹೊಸದೆಂದರೆ ಪರದೆ ಮತ್ತು ಸ್ಪೀಕರ್ ಡಬ್ಬಿಗಳು. ಆಳೆತ್ತರದ ಡಬ್ಬಿಗಳನ್ನು ಎಡಗೋಡೆಗೆ ಆನಿಸಿ ಸಾಲಾಗಿ ಇಟ್ಟಿದ್ದರು.

ಶ್ರಾವಣ ಮಾಸ. ಆ ಸಲ ಮಳೆ ಬಿಟ್ಟುಬಿಟ್ಟು ಬರದೆ ಹಿಡಿದು ಕೂತಿತ್ತು. ಸಿನಿಮಾ ಬಂದ ಮೂರ್ನಾಲ್ಕು ದಿನಕ್ಕೇ ಊರಿನಲ್ಲಿ ಎರಡು ಪಕ್ಷ ಆಗಿದ್ದವು. ಸ್ಟೇಶನ್ನಿನ ಎದುರಿನ ಚಹಾದಂಗಡಿಯಲ್ಲಿ, ನಾನು ರೈಲಿಗೆ ಕಾಯುವಾಗ, ಇದೇ ಮಾತು.

“ಕಥಿ ಎಲ್ಲದರಿ? ಬರೀ ಭೋಂಗಾ. ಭೋಂಗಾ ಕೇಳ್ಲಿಕ್ಕ ಟಿಕೀಟ್ ಯಾಕ ತಗೀಬೇಕು? ಮನ್ಯಾಗ ಮಕ್ಕೊಂಡಲ್ಲೇ ಫುಕಟ್ ಕೇಳಸ್ತದ.”

“ನಿನಗ ತಿಳ್ಯಂಗಿಲ್ಲ ಬಿಡು ಭೈ. ಆ ಸಪ್ಪಳ ಕಿವಿಗಲ್ಲ, ಎಲುಬಿಗೆ ಕೇಳಸ್ತದ.”

“ನನ್ನ ಎಲುಬಿಗೆ ಅಪ್ಪನ ಕಾಲದಿಂದ ಕೇಳಸ್ಲಿಕತ್ತದ.”

ಶಾಲೆಗೆ ಸ್ಥಳೀಯ ರಜೆ ಸಿಕ್ಕ ದಿನ ನಾವು ಮೂವರು ಮಧ್ಯಾಹ್ನದ ಆಟಕ್ಕೆ ಹೋದೆವು. ನಾನು, ನಸ್ರೀನ್, ಮತ್ತು ವಿದ್ಯಾ ಮೇಡಂ. ವಿದ್ಯಾ ಮೇಡಂ ಉಡುಪಿ ಕಡೆಯವರು, ಆ ಜೂನಿನಲ್ಲಷ್ಟೇ ನಮ್ಮ ಶಾಲೆಗೆ ಬಂದಿದ್ದರು. ನಮ್ಮ ಓಣಿಯಲ್ಲೇ ಕೋಣೆ ಹಿಡಿದು ನನ್ನ ಜೊತೆ ರೈಲಿನಲ್ಲಿ ವಾಡಿ ದಾಟಿ ಚಿತ್ತಾಪುರಕ್ಕೆ ಬರುತ್ತಿದ್ದರು. ಎರಡು ಗಂಟೆಯ ಅದುರಿಗೆ ಅವರು ಇನ್ನೂ ಹೊಂದಿಕೊಂಡಿರಲಿಲ್ಲ.

ಟಿಕೀಟು ಕೊಡುತ್ತಿದ್ದವರು ಸಾಹುಕಾರರೇ. “ಮೊದಲ್ನೇದು ಮೊಬೈಲ್ನಾಗ ನೋಡಿರಬೇಕು ನೀವು. ಇದು ಹಂಗ ನೋಡೋದಲ್ಲವ್ವಾ. ಎದ್ಯಾಗ ಬಡೀಬೇಕು. ಅದಕ್ಕ ಹೈದರಾಬಾದಿಂದ ಡಬ್ಬಿ ತರಿಸೀನಿ.”

“ಎದಿ ಇರ್ಲಿ ಸಾಹುಕಾರ್ರೆ,” ಎಂದಳು ನಸ್ರೀನ್. “ಖುರ್ಚಿ ಎಲ್ಲಾ ಹರದಾವಂತ, ಅವನ್ನ ಹೊಲಸ್ರಿ ಮೊದ್ಲ.”

“ನೀನೇ ಹೊಲದು ಕೊಡವಾ. ವರ್ಷ ಪೂರ್ತಿ ಫುಕಟ್ ಬಂದು ಕುಂದ್ರು.”

ನಾವು ಕೂತದ್ದು ಹಿಂದಿನ ಸಾಲಿನಲ್ಲಿ, ಎಡಕ್ಕೆ. ನಸ್ರೀನ್ ಗೋಡೆಯ ಕಡೆ, ನಡುವೆ ನಾನು, ಈಚೆ ವಿದ್ಯಾ ಮೇಡಂ. ಸಿನಿಮಾ ಚೆನ್ನಾಗಿತ್ತೇ ಎಂದು ಈಗಲೂ ಜನ ನನ್ನನ್ನು ಕೇಳುತ್ತಾರೆ. ಚೆನ್ನಾಗಿತ್ತು. ನೆಲದ ಕೆಳಗಿನ ಜನ ಮೇಲೆ ಬರಲು ಹೊರಟಿದ್ದರು. ಒಬ್ಬ ಮುದುಕಿ ಬರುವುದಿಲ್ಲ ಎಂದು ಹಟ ಹಿಡಿದು ಕೂತಿದ್ದಳು. ಸಾಹುಕಾರರು ಹೇಳಿದಂತೆ ಸಂಗೀತ ಎದೆಗೇ ಬಡಿಯುತ್ತಿತ್ತು. ನಮಗೆ ಅದು ಪರಕೀಯ ಅನಿಸಲಿಲ್ಲ. ಯಾರೋ ನಮ್ಮೂರಿಗೆ ಬಂದು, ನಮ್ಮ ಮಧ್ಯಾಹ್ನಗಳನ್ನು ಕೇಳಿ, ರಾಗ ಕಟ್ಟಿದ ಹಾಗಿತ್ತು.

ಹತ್ತು ನಿಮಿಷ ಮುಂಚಿನ ಆ ಭೋಂಗಾಕ್ಕೆ ನಾವು ನಕ್ಕದ್ದು ಆಗಲೇ. ಸ್ವರ ನಿಲ್ಲಲಿಲ್ಲ, ಇಳಿದು ಮತ್ತೆ ಏರಿತು. ಮೇಲಿನಿಂದ ಧೂಳು ಬಿತ್ತು.

ಧೂಳಿನ ಬಗ್ಗೆ ಹೇಳಬೇಕು. ನಮ್ಮ ಮನೆಗಳಲ್ಲಿ ಭೋಂಗಾ ಆದೊಡನೆ ಪಲ್ಯದ ಮೇಲೆ ತಟ್ಟೆ ಮುಚ್ಚುತ್ತೇವೆ, ಚಹಾ ಕುಡಿಯುತ್ತಿದ್ದರೆ ಕಪ್ಪಿನ ಮೇಲೆ ಅಂಗೈ ಇಡುತ್ತೇವೆ. ಮದ್ದು ಹಾರುತ್ತದೆ, ಚಾವಣಿಯ ಸಂದಿನಿಂದ ಒಂದಿಷ್ಟು ಧೂಳು ಉದುರುತ್ತದೆ, ಅಂಗೈ ಕೊಡವಿ ಚಹಾ ಕುಡಿಯುತ್ತೇವೆ. ತೊಟ್ಟಿಲ ಮಗು ಕೂಡ ಏಳುವುದಿಲ್ಲ. ಅವತ್ತೂ ಟಾಕೀಜಿನ ತುಂಬ ಜನ ಭುಜ ಕೊಡವಿಕೊಂಡರು, ಪರದೆಯಿಂದ ಕಣ್ಣು ತೆಗೆಯದೆ. ಮುಂದಿನ ಸಾಲಿನ ಹೆಂಗಸು ಚುರುಮುರಿ ಪೊಟ್ಟಣದ ಬಾಯಿ ಮಡಚಿದಳು. ಮದ್ದು ಇನ್ನೂ ಹಾರಿಲ್ಲ, ಧೂಳು ಮಾತ್ರ ಹತ್ತು ನಿಮಿಷ ಮೊದಲೇ ಬಿದ್ದಿದೆ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ವಿದ್ಯಾ ಮೇಡಂ ನನ್ನ ಮೊಣಕೈ ಹಿಡಿದರು. “ಶಿವಲೀಲಾ, ಇದೆಂತ ಬೀಳುದು ಮೇಲಿಂದ? ಮಣ್ಣು ಬೀಳ್ತಾ ಉಂಟಲ್ಲ ಮಾರಾಯ್ರೆ.”

ನಸ್ರೀನ್ ಅತ್ತಲಿಂದ ಬಾಗಿ ಹೇಳಿದಳು, “ಅದು ನಮ್ಮೂರ ಪೌಡರ್ ರಿ ಮೇಡಂ. ಹಚ್ಕೊಳ್ರಿ, ಬೆಳ್ಳಗ ಆಗ್ತೀರಿ.”

ಸುತ್ತಲಿನವರು ನಕ್ಕರು. ಎರಡನೇ ಸಲ ಧೂಳು ಬಿದ್ದಾಗ, ಅದರ ಜೊತೆ ಸುಣ್ಣದ ಒಂದು ಚಕ್ಕೆಯೂ ಬಿತ್ತು. ವಿದ್ಯಾ ಮೇಡಂ ಎದ್ದರು. ಹಿಂದಿನ ಬಾಗಿಲ ಹತ್ತಿರ ಜನ ನಿಂತಿದ್ದರಿಂದ ಬಲಬದಿಗೆ ಹೋದರು. ಅಲ್ಲಿ ಚಿಲಕ ಹಾಕಿದ್ದ ಅಗಲವಾದ ಬಾಗಿಲೊಂದಿತ್ತು. ಎರಡೂ ಕೈಯಿಂದ ಚಿಲಕ ಎಳೆದರು. ಬೆಳಕು ಒಳಗೆ ಸುರಿದು ಪರದೆ ಮಂಕಾಯಿತು.

“ಏ, ಬಾಗ್ಲಾ ಮುಚ್ರೀ!”

“ಮೇಡಂ ಹೆದರ್ಯಾರೋ!”

ನನಗೆ ನಾಚಿಕೆಯಾಯಿತು. ನಾನು ಕರೆತಂದ ಅತಿಥಿ ಅವರು. ಕರೆದುಕೊಂಡು ಬರೋಣ ಎಂದು ಬ್ಯಾಗು ಕುರ್ಚಿಯ ಮೇಲೇ ಬಿಟ್ಟು ಎದ್ದೆ. “ನೀನೂ ಬಾ,” ಎಂದೆ ನಸ್ರೀನಳಿಗೆ.

“ನೀ ಹೋಗಿ ಕರ್ಕೊಂಡು ಬಾ. ಮುದುಕಿ ಬರ್ತಾಳೋ ಇಲ್ಲೋ ನೋಡ್ಬೇಕು ನಾ.”

ಹೊರಗೆ ಮಳೆ ಹನಿಯುತ್ತಿತ್ತು. ವಿದ್ಯಾ ಮೇಡಂ ಬಯಲಿನ ನಡುವೆ ತಲೆ ನೆನೆಸಿಕೊಂಡು ನಿಂತಿದ್ದರು.

“ಬರ್ರಿ ಮೇಡಂ, ಮಂದಿ ನಗ್ಲಿಕತ್ತಾರ.”

“ನಗಲಿ. ನಾನು ಒಳಗೆ ಬರುದಿಲ್ಲ. ನೀವೂ ಹೋಗ್ಬೇಡಿ.”

ಆಗ ನಿಜವಾದ ಭೋಂಗಾ ಕೂಗಿತು. ಒಳಗೆ ಸಿನಿಮಾದ್ದೂ ಕೂಗುತ್ತಿತ್ತು. ಎರಡೂ ಒಂದರೊಳಗೊಂದು ಸೇರಿದವು. ಮದ್ದು ಹಾರಿತು, ಕಾಲ ಕೆಳಗೆ ನೆಲ ದಿನದಂತೆ ಒಮ್ಮೆ ಕದಲಿತು. ತೆರೆದ ಬಾಗಿಲೊಳಗಿಂದ ಎದುರಿಗೆ ಕಾಣುತ್ತಿದ್ದ ಟಾಕೀಜಿನ ಎಡಗೋಡೆಯ ಹಿಂಭಾಗ ಹೊಟ್ಟೆ ಉಬ್ಬಿದ ಹಾಗೆ ಉಬ್ಬಿ ಕುಸಿಯಿತು. ಅದರ ಹಿಂದೆ ತಗಡು ಇಳಿಯಿತು. ನಾನು ನೋಡುತ್ತ ನಿಂತಿದ್ದೆ. ಅದು ಬಹಳ ನಿಧಾನವಾಗಿ ಆಯಿತು ಎಂದು ನನಗೆ ಅನಿಸುತ್ತದೆ. ವಿದ್ಯಾ ಮೇಡಂ ಹೇಳುವಂತೆ, ಕಣ್ಣು ಮಿಟುಕಿಸುವುದರೊಳಗೆ ಆಗಿತ್ತು.

ತೆರೆದಿದ್ದ ಆ ಬಲಬಾಗಿಲಿನಿಂದ ಜನ ಹೊರಗೆ ಬಂದರು. ಎಲ್ಲರೂ ಬೆಳ್ಳಗೆ, ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ. ನಾನು ಒಂದೊಂದೇ ಮುಖ ನೋಡುತ್ತಿದ್ದೆ. ನಸ್ರೀನ್ ಇರಲಿಲ್ಲ.

ಒಳಗೆ ಸಿನಿಮಾ ನಡೆದೇ ಇತ್ತು. ಪರದೆಯ ಕಡೆಯ ಗೋಡೆಗೆ ಏನೂ ಆಗಿರಲಿಲ್ಲ, ಡಬ್ಬಿಗಳಲ್ಲಿ ಮುಂದಿನವು ಹಾಗೇ ನಿಂತಿದ್ದವು. ಧೂಳಿನಲ್ಲಿ ಬಣ್ಣಬಣ್ಣದ ಬೆಳಕು ಓಡಾಡುತ್ತಿತ್ತು. ಮತ್ತು ಆ ಸ್ವರ. ಒಳಗೆ ಯಾರಾದರೂ ಕೂಗುತ್ತಿದ್ದರೆ ಕೇಳಿಸುವ ಹಾಗಿರಲಿಲ್ಲ. ಮೂರ್ನಾಲ್ಕು ಜನ ಕಲ್ಲು ತೆಗೆಯಲು ಹೋದರು. ಯಾವ ಕಡೆಯಿಂದ ತೆಗೆಯಬೇಕು ತಿಳಿಯದೆ ನಿಂತರು. ತಪ್ಪು ಕಲ್ಲು ಎತ್ತಿದರೆ ಉಳಿದದ್ದು ಯಾರ ಮೇಲೆ ಇಳಿಯುತ್ತದೋ. ಸಾಹುಕಾರರು ತಲೆಯ ಮೇಲೆ ಕೈ ಇಟ್ಟುಕೊಂಡು, “ಬಂದ್ ಮಾಡ್ರೋ, ಅದನ್ನ ಬಂದ್ ಮಾಡ್ರೋ,” ಎನ್ನುತ್ತಿದ್ದರು. ಸಿನಿಮಾ ಓಡಿಸುವ ಕೋಣೆಯ ಮೆಟ್ಟಿಲು ಗೋಡೆಯ ಜೊತೆಗೇ ಹೋಗಿತ್ತು.

ಕೊನೆಗೆ ಪಕ್ಕದ ಗಿರಣಿಯವನು ಓಡಿಬಂದು ಕಂಬದ ಬುಡದ ಪೆಟ್ಟಿಗೆ ತೆರೆದು ಫ್ಯೂಜು ಕಿತ್ತ. ಸ್ವರ ನಡುವೆಯೇ ತುಂಡಾಯಿತು. ಆಮೇಲಿನ ಮೌನದಲ್ಲಿ ತಗಡಿನ ಮೇಲೆ ಹನಿ ಬೀಳುವುದು ಕೇಳಿಸಿತು.

ಖಣಿಯವರಲ್ಲಿ ಒಂದು ರೂಢಿ ಇದೆ. ಮದ್ದು ಹಾರಿದ ಮೇಲೆ, ಧೂಳು ಇಳಿಯುವ ಮೊದಲು, ಯಾರೂ ಜಾಗ ಬಿಟ್ಟು ಕದಲುವುದಿಲ್ಲ. ನಿಂತಲ್ಲಿಂದಲೇ ಪ್ರತಿಯೊಬ್ಬರೂ ತಮ್ಮ ಹೆಸರು ಕೂಗುತ್ತಾರೆ. ಪಕ್ಕದವನಿಗೆ ಬಾಯಿ ಬಿಡಲು ಆಗದಿದ್ದರೆ ಅವನ ಹೆಸರನ್ನೂ ಇವನೇ ಕೂಗಬೇಕು. ಊರಿನಲ್ಲಿ ಅರ್ಧ ಜನ ಖಣಿಯವರ ಮಕ್ಕಳು. ಯಾರು ಮೊದಲು ಅಂದರೋ ಗೊತ್ತಿಲ್ಲ, ಒಟ್ಟಿಗೆ ಐದಾರು ಗಂಟಲು ಎದ್ದವು.

“ಹೆಸರ್ ಹೇಳ್ರೀ! ಒಳಗಿದ್ದವ್ರು ಹೆಸರ್ ಹೇಳ್ರೀ!”

“ಮೌಲಾಲಿ,” ಎಂದಿತು ಒಂದು ದನಿ, ಬಾಗಿಲ ಹತ್ತಿರದಿಂದ.

“ಈರಮ್ಮ.” ಅದು ಚುರುಮುರಿಯ ಹೆಂಗಸು.

ಆಮೇಲೆ ಏನೂ ಇಲ್ಲ. ಮತ್ತೆ ಕೂಗಿದರು. ಗೋಡೆ ಬಿದ್ದ ಮೂಲೆಯಿಂದ, ಆಳದಿಂದ, ನಸ್ರೀನಳ ದನಿ ಬಂತು.

“ನಸ್ರೀನ್.” ಸ್ವಲ್ಪ ತಡೆದು, “ಶಿವಲೀಲಾ.”

ನನ್ನ ಹೆಸರು. ಅವಳು ಕತ್ತಲಲ್ಲಿ ಕೈ ಆಡಿಸಿದಾಗ ನನ್ನ ಬ್ಯಾಗಿನ ಪಟ್ಟಿ ಸಿಕ್ಕಿತ್ತಂತೆ. ಎಳೆದರೆ ಬರಲಿಲ್ಲ, ಕಲ್ಲಿನ ಕೆಳಗಿತ್ತು. ನಾನು ತಿರುಗಿ ಬಂದು ಕೂತಿದ್ದೆ, ಪಟ್ಟಿಯ ಆ ತುದಿಗೆ ನಾನಿದ್ದೇನೆ, ಮಾತಾಡುತ್ತಿಲ್ಲ, ಎಂದು ತಿಳಿದಿದ್ದಳು. ರೂಢಿಯ ಪ್ರಕಾರ ನನ್ನ ಹೆಸರನ್ನೂ ಅವಳೇ ಹೇಳಿದಳು.

“ಶಿವಲೀಲಾ,” ಎಂದಳು ಮತ್ತೆ. “ಮೊದ್ಲ ಆಕಿನ್ನ ತಗೀರಿ. ಆಕಿ ಮಾತಾಡ್ಲಿಕತ್ತಿಲ್ಲ.”

ನಾನು ಬಾಯಿ ತೆರೆದೆ. ದನಿ ಹೊರಡಲಿಲ್ಲ. ನನ್ನ ಪರವಾಗಿ ವಿದ್ಯಾ ಮೇಡಂ ಕೂಗಿದರು. “ಶಿವಲೀಲಾ ಇಲ್ಲಿದ್ದಾರೆ! ನನ್ನ ಹತ್ರ ಇದ್ದಾರೆ! ಏನೂ ಆಗ್ಲಿಲ್ಲ ಅವ್ರಿಗೆ!”

ಒಳಗಿನಿಂದ ನಸ್ರೀನ್ ಹೇಳಿದ್ದು ಕೇಳಿಸಿತು, “ಹಂಗಾರ ನನ್ನ ಕಾಲ್ ಮ್ಯಾಲಿಂದ ತಗೀರೆಪಾ ಲಗೂನ.”

ದನಿ ಹಿಡಿದು ಕಲ್ಲು ಎತ್ತಿದರು. ಕುರ್ಚಿಗಳ ಸಾಲು ಮಗುಚಿ ಅವಳ ಮೇಲೆ ಕಮಾನಿನಂತೆ ನಿಂತಿತ್ತು. ಬಲಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಯಾರೂ ಸಾಯಲಿಲ್ಲ. ಇಷ್ಟು ಹೇಳಿದೊಡನೆ ಕೇಳುವವರ ಮುಖದಲ್ಲಿ ಆಸಕ್ತಿ ಸ್ವಲ್ಪ ಇಳಿಯುವುದನ್ನು ನಾನು ಗಮನಿಸಿದ್ದೇನೆ.

ಗೋಡೆ ಯಾಕೆ ಬಿತ್ತು ಎಂದು ನೋಡಲು ಅಧಿಕಾರಿಗಳು ಬಂದು ಹೋದರು. ಮಳೆ ಎಂದರು, ಮಣ್ಣು ಎಂದರು, ಗೋಡೆಯ ವಯಸ್ಸು ಎಂದರು. ಊರಿನವರಿಗೆ ಇದು ಸಾಲಲಿಲ್ಲ. ಸೇಡಂ ಕಡೆಗೆ ಹೋಗುವ ನಮ್ಮ ಬೆಳಗಿನ ರೈಲಿನಲ್ಲಿ ತಿಂಗಳುಗಟ್ಟಲೆ ಸಿನಿಮಾ ವಿಮರ್ಶೆ ನಡೆಯಿತು.

“ಸಂಗೀತ ಗೋಡಿ ಬೀಳಸ್ತದೇನ್ರಿ? ಹೈದರಾಬಾದಿನಾಗ ದಿನಾ ನಾಲ್ಕು ಆಟ ನಡೀಲಿಕತ್ತದ. ಅಲ್ಲಿ ಬಿದ್ದಾವೇನು?”

“ಅಲ್ಲಿ ಪರಸಿ ಗೋಡಿ ಎಲ್ಲವರೀ?”

“ಅದು ಬಿಡ್ರಿ. ಆ ಮುದುಕಿ ಕಡೀಗಿ ಮ್ಯಾಲ ಬಂದ್ಳೋ ಇಲ್ಲೋ, ಅದನ್ನ ಹೇಳ್ರಿ.”

ಅದನ್ನು ಹೇಳುವವರು ಯಾರೂ ಇರಲಿಲ್ಲ. ಮೊದಲ ದಿನಗಳಲ್ಲಿ ನೋಡಿದ್ದವರೂ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ವಿದ್ಯಾ ಮೇಡಂ ರೈಲು ಹತ್ತಿದರೆ ಜನ ಎದ್ದು ಸೀಟು ಬಿಡುತ್ತಿದ್ದರು. “ಕುಂದ್ರಿ ಮೇಡಂ. ನಿಮಗ ಬಾಗಲ್ದಾಗಿನ ಸೀಟು.” ಅವರ ಹೆಸರು ಬಾಗಿಲ ಮೇಡಂ ಎಂದೇ ಆಯಿತು. ಅವರು ನಗುತ್ತ ಕೂರುತ್ತಿದ್ದರು.

ನನ್ನ ನಿದ್ದೆ ಹೋಯಿತು. ಮಲಗಿ ಒಂದು ಗಳಿಗೆಗೆ ಎಚ್ಚರವಾಗುತ್ತಿತ್ತು. ಕಾಲಡಿ ಏನೋ ಗುಂಯ್ ಎನ್ನುತ್ತಿದೆ ಅನಿಸುತ್ತಿತ್ತು. ಫ್ರಿಜ್ಜು ಇರುತ್ತಿತ್ತು, ಗೂಡ್ಸ್ ರೈಲು ಇರುತ್ತಿತ್ತು, ಕೆಲವೊಮ್ಮೆ ಏನೂ ಇರುತ್ತಿರಲಿಲ್ಲ. ಎದ್ದು ಕೂತು ತಗಡಿನ ಸಂದು ನೋಡುತ್ತಿದ್ದೆ. ಹಾಸಿಗೆಯನ್ನು ಬಾಗಿಲ ಹತ್ತಿರ ಎಳೆದುಕೊಂಡೆ. ಅವ್ವ ಏನೂ ಕೇಳದೆ ತನ್ನ ಚಾಪೆಯನ್ನೂ ಅಲ್ಲಿಗೇ ತಂದಳು. ಬೆಳಗಿನ ಪಾಳಿಯ ಭೋಂಗಾ ಆಗುವವರೆಗೆ ಅವಳೂ ಮಲಗುತ್ತಿರಲಿಲ್ಲ.

ನಸ್ರೀನಳ ಕಾಲಿಗೆ ಕಲಬುರಗಿಯಲ್ಲಿ ರಾಡು ಹಾಕಿದರು. ನೋಡಲು ಹೋದರೆ ಅವಳು ಮಂಚದ ಮೇಲೆ ಮೊಬೈಲ್ ಹಿಡಿದು ಅದೇ ಸಂಗೀತ ಕೇಳುತ್ತಿದ್ದಳು. ನಾನು ಬಾಗಿಲಲ್ಲೇ ನಿಂತೆ.

“ಬಾ ಒಳಗ. ಎಂಥಾ ಬಾರಸ್ಯಾನ ನೋಡು. ಕಡೀತನಕ ಕೇಳ್ಲಿಕ್ಕ ಬಿಡ್ಲಿಲ್ಲಲ್ಲ ಅವತ್ತ.”

“ಅದನ್ನ ಬಂದ್ ಮಾಡು.”

“ಯಾಕ? ಇದೇನು ಮಾಡ್ಯದ ಪಾಪ?”

ನಾನು ಹಣ್ಣಿನ ಚೀಲ ಇಟ್ಟು ಹೊರಟುಬಿಟ್ಟೆ. ಬೆನ್ನ ಹಿಂದೆ ಅವಳು ತಾಯಿಗೆ ಹೇಳಿದ್ದು ಕೇಳಿಸಿತು, “ನೋಡಮ್ಮೀ, ಗೋಡಿ ಬಿದ್ದದ್ದು ನನ್ನ ಮ್ಯಾಲ, ನಿದ್ದಿ ಹೋಗಿದ್ದು ಈಕಿದು.”

ಅವಳು ಮನೆಗೆ ಬಂದ ಮೇಲೂ ನಾನು ಬಹಳ ಹೋಗಲಿಲ್ಲ. ಅವಳ ಮಶೀನಿನ ಸದ್ದಿನ ಜೊತೆ ಆ ಗುನುಗು ಓಣಿಗೆ ಕೇಳಿಸುತ್ತಿತ್ತು. ದೀಪಾವಳಿ ಕಳೆಯಿತು. ಟಾಕೀಜಿನ ಕಲ್ಲುಗಳನ್ನು ಯಾರೋ ಒಯ್ದರು. ತೊಗರಿ ಹೂವು ಬಿಟ್ಟಿತು, ಕಾಯಿ ಕಟ್ಟಿತು. ಶಾಲೆಯಲ್ಲಿ ಪಾಠದ ನಡುವೆ ನಾನು ನಿದ್ದೆ ಹೋಗತೊಡಗಿದಾಗ ವಿದ್ಯಾ ಮೇಡಂ ನನ್ನ ತರಗತಿಗಳನ್ನು ಸುಮ್ಮನೆ ತೆಗೆದುಕೊಳ್ಳುತ್ತಿದ್ದರು.

ಎಳ್ಳ ಅಮಾವಾಸ್ಯೆಯ ಮಾರನೆಯ ದಿನ, ರವಿವಾರ, ಅವ್ವ ಭಜ್ಜಿ ಪಲ್ಯ, ಸಜ್ಜೆ ರೊಟ್ಟಿ ಕಟ್ಟಿಕೊಟ್ಟು ನಸ್ರೀನಳ ಮನೆಗೆ ಕಳಿಸಿದಳು. ಪ್ರತಿ ವರ್ಷ ಹೋಗುವುದೇ, ತಪ್ಪಿಸುವ ಹಾಗಿರಲಿಲ್ಲ. ವಿದ್ಯಾ ಮೇಡಂ ಆಗಲೇ ಅಲ್ಲಿ ಕೂತಿದ್ದರು, ಬ್ಲೌಸಿನ ನೆಪದಲ್ಲಿ. ಹೊಲಿಗೆ ಮಶೀನಿನ ಮೇಲೆ ಮೊಬೈಲ್ ಆನಿಸಿ ಇಟ್ಟಿತ್ತು. ಸಿನಿಮಾ ಮೊಬೈಲಿಗೆ ಬಂದಿತ್ತು.

“ಕುಂದ್ರು,” ಎಂದಳು ನಸ್ರೀನ್. “ಎಲ್ಲಿ ಬಿಟ್ಟಿದ್ದೆವೋ ಅಲ್ಲಿಂದ. ನೀ ಇಲ್ಲದ ನಾ ನೋಡಿಲ್ಲ. ನಾಲ್ಕ್ ತಿಂಗಳಾತು, ಮಂದಿ ಕೇಳಿದ್ರ ಸುಳ್ಳು ಹೇಳ್ಲಿಕತ್ತೀನಿ.”

ಅವಳ ತಾಯಿ ಚಹಾ ತಂದಿಟ್ಟು, “ಕುಂದ್ರು ಬೇಟಾ, ನಿನ್ನ ಹಾದಿ ನೋಡಿ ನೋಡಿ ಸಾಕಾಗ್ಯದ ಆಕಿಗಿ,” ಎಂದರು. ನಾನು ಬಾಗಿಲ ಹತ್ತಿರದ ಮಣೆಯ ಮೇಲೆ ಕೂತೆ.

ಆ ಸ್ವರ ಎದ್ದಿತು. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಅದು ಬೆಂಕಿಪೆಟ್ಟಿಗೆಯಲ್ಲಿ ಹಾಕಿಟ್ಟ ಜೀರುಂಡೆಯಂತೆ ಕೇಳಿಸಿತು. ನಾನು ಅದನ್ನು ಪೂರ್ತಿ ಕೇಳಿದೆ. ಜನ ಮೇಲೆ ಬಂದರು. ಸೂರ್ಯ ತಣ್ಣಗಾಗಿದ್ದ. ಅವರು ಸಾಲಾಗಿ ನಿಂತು ಆಕಾಶ ನೋಡಿದರು, ಬಹಳ ಹೊತ್ತು ನೋಡಿದರು. ಮುದುಕಿ ಬರಲಿಲ್ಲ. ಅವಳಿಗೆ ಏನಾಯಿತು ಎಂದೂ ಹೇಳಲಿಲ್ಲ. ಹೆಸರುಗಳು ಓಡತೊಡಗಿದವು.

“ಇಷ್ಟಾ?” ಎಂದಳು ನಸ್ರೀನ್. “ಇದಕ್ಕ ನಾ ಕಾಲ್ ಮುರ್ಕೊಂಡೇನು?”

“ಮೂರನೇ ಭಾಗ ಬರ್ತದಂತೆ,” ಎಂದರು ವಿದ್ಯಾ ಮೇಡಂ.

“ಬಂದ್ರ ಬಯಲಾಗ ಪರದಿ ಕಟ್ಟಿ ತೋರಿಸ್ಲಿ.”

ಹೊರಗೆ ಎರಡರ ಭೋಂಗಾ ಆಯಿತು. ವಿದ್ಯಾ ಮೇಡಂ ಏನೋ ಹೇಳುತ್ತಲೇ ತಮ್ಮ ಚಹಾದ ಕಪ್ಪಿನ ಮೇಲೆ ಅಂಗೈ ಇಟ್ಟರು. ಅವರಿಗೆ ಅದು ಗೊತ್ತೂ ಆಗಲಿಲ್ಲ. ನಾನು ಒಬ್ಬಳೇ ಎದ್ದು ಹೊಸ್ತಿಲಿಗೆ ಹೋಗಿ ನಿಂತಿದ್ದೆ. ಮದ್ದು ಹಾರಿತು. ನೆಲ ಕದಲಿತು. ಸಂದಿನಿಂದ ಧೂಳು ಎಳೆಯಾಗಿ ಇಳಿದು ಮಶೀನಿನ ಮೇಲೆ, ನಸ್ರೀನಳ ತಲೆಯ ಮೇಲೆ ಬಿತ್ತು. ಅವಳು ಕೊಡವಿಕೊಳ್ಳದೆ ನನ್ನನ್ನೇ ನೋಡುತ್ತಿದ್ದಳು.

“ನಸ್ರೀನ್,” ಎಂದಳು, ಖಣಿಯವರ ಹಾಗೆ ಉದ್ದಕ್ಕೆ ಎಳೆದು. ಈ ಸಲ ನನ್ನ ಹೆಸರು ಅವಳು ಹೇಳಲಿಲ್ಲ.

ವಿದ್ಯಾ ಮೇಡಂ ಬಾಯಿ ತೆರೆಯಹೋದರು. ನಸ್ರೀನ್ ಕೈ ಎತ್ತಿ ತಡೆದಳು.

“ಶಿವಲೀಲಾ,” ಎಂದೆ ನಾನು. ದನಿ ಒಡೆಯಿತು, ಆದರೆ ಬಂತು.

“ಹಾಂ,” ಎಂದಳು ಅವಳು. “ಈಗ ಬಂದು ಚಾ ಕುಡಿ. ಮಣ್ಣು ಬಿದ್ದದ, ಮ್ಯಾಲಿಂದು ಚೆಲ್ಲು.”

ಆ ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ ಎಂಬುದು ನೆನಪಿಲ್ಲ. ಅವ್ವ ಹೆಗಲು ಹಿಡಿದು ಅಲುಗಿಸಿದಾಗ ಬಿಸಿಲು ಹೊಸ್ತಿಲು ದಾಟಿ ಹಾಸಿಗೆಯ ತನಕ ಬಂದಿತ್ತು. ಅವಳ ಚಾಪೆ ಆಗಲೇ ಮಡಚಿ ಗೋಡೆಗೆ ಒರಗಿತ್ತು.

“ಏಳವ್ವಾ. ರೈಲ್ ಹೋತು ನಿಂದು. ಎಬ್ಬಸ್ಲಿಕ್ಕ ಮನಸಾಗ್ಲಿಲ್ಲ ನನಗ.”

“ಪಾಳಿ ಭೋಂಗಾ?”

“ಅದಾಗಿ ಎಷ್ಟೋ ಹೊತ್ತಾತು.”

ನನಗೆ ಕೇಳಿಸಿರಲಿಲ್ಲ.